ಎಲ್ಲವೂ ಬದಲಾಗುವಾಗ ಬದಲಾಗದ ದೇವರು: ನಮ್ಮ ಕೋಲಾರದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಆರಾಧನೆ ಮುಗಿದ ಮೇಲೆ, ಮನೆ ಪ್ರಾರ್ಥನೆಗಳಲ್ಲಿ, ಒಮ್ಮೊಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ನಮ್ಮ ಜನ ಕೇಳುವ ಪ್ರಶ್ನೆಗಳಿವು. ಕೇಳುವವರಲ್ಲಿ ಟೊಮೆಟೊ ಬೆಳೆಯುವವರಿದ್ದಾರೆ, ನರಸಾಪುರದ ಫ್ಯಾಕ್ಟರಿಗೆ ಹೋಗುವ ಹೆಣ್ಣುಮಕ್ಕಳಿದ್ದಾರೆ, ಕೆಜಿಎಫ್ ಬಿಟ್ಟು ಬಂದ ಕುಟುಂಬಗಳಿವೆ. ಸತ್ಯವೇದದ, ಅಂದರೆ ಬೈಬಲಿನ, ಮಾತುಗಳನ್ನು ಇಲ್ಲಿ ನನ್ನ ಮಾತಿನಲ್ಲಿ ಹೇಳಿದ್ದೇನೆ. ಅಧ್ಯಾಯ ಕೊಟ್ಟಿದ್ದೇನೆ, ಮನೆಯಲ್ಲಿ ತೆಗೆದು ಪೂರ್ತಿ ಓದಿ.

ದೇವರು ಬದಲಾಗುವುದಿಲ್ಲ ಅಂತೀರಿ. ಸರಿಯಾಗಿ ಏನು ಬದಲಾಗುವುದಿಲ್ಲ?

ಆತನು ಯಾರು ಅನ್ನುವುದು ಬದಲಾಗುವುದಿಲ್ಲ. ಆತನ ಗುಣ, ಆತನು ಕೊಟ್ಟ ಮಾತು, ಆತನ ಉದ್ದೇಶ ಬದಲಾಗುವುದಿಲ್ಲ. 1647ರಲ್ಲಿ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ್ದ ಬೋಧಕರು ಮಕ್ಕಳಿಗೂ ಹೊಸಬರಿಗೂ ಕಲಿಸಲು ಒಂದು ಚಿಕ್ಕ ಪ್ರಶ್ನೋತ್ತರ ಬರೆದರು. ಅದರ ನಾಲ್ಕನೇ ಪ್ರಶ್ನೆಯೇ ದೇವರು ಯಾರು ಅಂತ. ಆತನ ಇರುವಿಕೆ, ಜ್ಞಾನ, ಶಕ್ತಿ, ಪರಿಶುದ್ಧತೆ, ನ್ಯಾಯ, ಒಳ್ಳೆಯತನ, ಸತ್ಯ ಯಾವುದಕ್ಕೂ ಮಿತಿಯಿಲ್ಲ, ಕೊನೆಯಿಲ್ಲ, ಬದಲಾವಣೆಯಿಲ್ಲ ಎಂದು ಅಲ್ಲಿ ಉತ್ತರವಿದೆ. ಆ ಪಟ್ಟಿಯಲ್ಲಿ ನಮ್ಮ ಸಂಬಳ, ಆರೋಗ್ಯ, ಮನೆ, ಊರು ಯಾವುದೂ ಇಲ್ಲ ಅನ್ನುವುದನ್ನು ಗಮನಿಸಿ. ಇದನ್ನು ಮೊದಲೇ ತಿಳಿದುಕೊಂಡರೆ ಮುಂದೆ ಎಷ್ಟೋ ನೋವು ತಪ್ಪುತ್ತದೆ. ದೇವರು ಬದಲಾಗದವನು ಅಂದಮೇಲೆ ನಮ್ಮ ಜೀವನವೂ ಇದ್ದ ಹಾಗೇ ಇರಬೇಕು ಅಂದುಕೊಂಡವರು ಮೊದಲ ಪೆಟ್ಟಿಗೇ ಕುಸಿಯುತ್ತಾರೆ.

ಇದು ಸತ್ಯವೇದದಲ್ಲಿ ಎಲ್ಲಿದೆ?

ಮಲಾಕಿಯ 3:6, ಕೀರ್ತನೆ 102, ಯಾಕೋಬ 1:17, ಇಬ್ರಿಯ 13:8. ಈ ನಾಲ್ಕು ಸಾಕು.

ಆದರೆ ವಾಕ್ಯವನ್ನು ಕಿತ್ತು ಕ್ಯಾಲೆಂಡರಿನಲ್ಲಿ ಹಾಕಿಕೊಂಡರೆ ಅರ್ಧ ಅರ್ಥವೇ ಹೋಗುತ್ತದೆ. ಪ್ರವಾದಿ ಮಲಾಕಿಯ ಮಾತಾಡಿದ್ದು ಸೋತುಹೋದ ಜನರ ಹತ್ತಿರ. ಬಾಬೆಲಿನ ಸೆರೆಯಿಂದ ಅವರ ಹಿರಿಯರು ವಾಪಸ್ ಬಂದಿದ್ದರು, ದೇವಾಲಯವನ್ನೂ ಮತ್ತೆ ಕಟ್ಟಿ ಆಗಿತ್ತು. ಆದರೂ ಅಂದುಕೊಂಡ ಒಳ್ಳೇ ಕಾಲ ಬರಲಿಲ್ಲ. ಬೇಸತ್ತ ಜನ ಕುಂಟು ಕುರಿ, ಕುರುಡು ಕುರಿ ತಂದು ಬಲಿ ಕೊಡುತ್ತಿದ್ದರು. ಅವರಿಗೆ ದೇವರು ಹೇಳಿದ್ದು: ನಾನು ಬದಲಾಗಿಲ್ಲ, ಅದಕ್ಕೇ ನೀವು ಇನ್ನೂ ಉಳಿದಿದ್ದೀರಿ. ಅವರ ಭಕ್ತಿ ಗಟ್ಟಿಯಾಗಿತ್ತು ಅಂತ ಅವರು ಉಳಿಯಲಿಲ್ಲ. ಆತನು ಕೊಟ್ಟ ಮಾತು ಗಟ್ಟಿಯಾಗಿತ್ತು.

ಕೀರ್ತನೆ 102 ಬರೆದವನಂತೂ ಊಟ ಮಾಡುವುದನ್ನೇ ಮರೆತಿದ್ದಾನೆ. ದಿನಗಳು ಹೊಗೆಯ ಹಾಗೆ ಹೋಗುತ್ತಿವೆ ಅನ್ನುತ್ತಾನೆ. ನಿದ್ದೆಯಿಲ್ಲ. ಪಾಳು ಜಾಗದ ಗೂಬೆ ನಾನು ಅಂದುಕೊಳ್ಳುತ್ತಾನೆ. ಅಲ್ಲಿಂದಲೇ ಅವನು ಮೇಲೆ ನೋಡಿ, ಆಕಾಶ ಭೂಮಿಯೂ ಬಟ್ಟೆಯ ಹಾಗೆ ಸವೆದುಹೋಗುತ್ತವೆ, ನೀನು ಮಾತ್ರ ನೀನೇ ಅನ್ನುತ್ತಾನೆ. ನೆಮ್ಮದಿಯಾಗಿ ಕೂತವನು ಬರೆದ ತತ್ವ ಇದಲ್ಲ.

ಬದಲಾಗದ್ದು ಅಂದರೆ ಜಡ ಅಲ್ವಾ? ಸ್ಥಾವರಕ್ಕೆ ಅಳಿವಿದೆ, ಜಂಗಮಕ್ಕೆ ಅಳಿವಿಲ್ಲ ಅಂತ ನಾವು ಶಾಲೆಯಲ್ಲೇ ಓದಿದ್ದೇವೆ.

ಬಸವಣ್ಣನವರ ಆ ಮಾತು ಕನ್ನಡಿಗರ ಮೈಯಲ್ಲೇ ಇದೆ. ಹಾಗಾಗಿ ಈ ಪ್ರಶ್ನೆ ಬರುವುದು ಸಹಜ, ಬರಲೇಬೇಕು. ಸತ್ಯವೇದದ ದೇವರು ನಿಂತಲ್ಲೇ ನಿಂತವನಲ್ಲ. ಉರಿಯುವ ಪೊದೆಯಲ್ಲಿ ಮೋಶೆಗೆ ಮಾತಾಡಿದಾಗ ಆತನು ಹೇಳಿದ್ದನ್ನೇ ನೋಡಿ: ನನ್ನ ಜನರ ಕಷ್ಟ ನೋಡಿದೆ, ಅವರ ಕೂಗು ಕೇಳಿದೆ, ಅವರನ್ನು ಬಿಡಿಸಲು ಇಳಿದು ಬಂದಿದ್ದೇನೆ (ವಿಮೋಚನಕಾಂಡ 3). ನೋಡುತ್ತಾನೆ, ಕೇಳುತ್ತಾನೆ, ಇಳಿದು ಬರುತ್ತಾನೆ. ಜನರ ಜೊತೆ ಅರಣ್ಯದಲ್ಲಿ ನಡೆಯುತ್ತಾನೆ. ನಡೆಯುವಾಗ ಆತನ ಮನಸ್ಸು ಓಲಾಡುವುದಿಲ್ಲ, ಅಷ್ಟೇ. ಇವತ್ತು ಕರುಣೆ, ನಾಳೆ ಬೇಸರ ಅನ್ನುವಂಥದ್ದು ಆತನಲ್ಲಿಲ್ಲ.

ಹಾಗಾದರೆ ದೇವರು ಮನಸ್ಸು ಬದಲಾಯಿಸಿದ ಅಂತ ಬರೆದಿದೆಯಲ್ಲ? ನಿನೆವೆ? ಸೌಲ?

ಯುವಕರ ಕೂಟದಲ್ಲಿ ತಪ್ಪದೆ ಬರುವ ಪ್ರಶ್ನೆ ಇದು. ಸುಮ್ನೆ ವಾದಕ್ಕೆ ಕೇಳುತ್ತಾರೆ ಅಂತ ತಳ್ಳಿಹಾಕಬಾರದು. ಪಠ್ಯದಲ್ಲೇ ಇರುವ ಕಷ್ಟ ಇದು.

1 ಸಮುವೇಲ 15ನೇ ಅಧ್ಯಾಯ ತೆಗೆಯಿರಿ. 11ನೇ ವಚನದಲ್ಲಿ, ಸೌಲನನ್ನು ಅರಸನಾಗಿ ಮಾಡಿದ್ದಕ್ಕೆ ದೇವರಿಗೆ ಬೇಸರವಾಯಿತು ಎಂದಿದೆ. 29ರಲ್ಲಿ, ಮನುಷ್ಯರ ಹಾಗೆ ಮನಸ್ಸು ಬದಲಾಯಿಸುವವನು ಆತನಲ್ಲ ಎಂದಿದೆ. 35ರಲ್ಲಿ ಮತ್ತೆ ಬೇಸರದ ಮಾತು. ಒಂದೇ ಅಧ್ಯಾಯದಲ್ಲಿ ಎರಡೂ ಇವೆ. ಬರೆದವನಿಗೆ ಗೊತ್ತಾಗದೆ ಹೀಗಾಯಿತು ಅನ್ನುವಂತಿಲ್ಲ. ಎರಡನ್ನೂ ಒಟ್ಟಿಗೇ ಹಿಡಿಯಿರಿ ಅಂತಲೇ ಅವನು ಇಟ್ಟಿದ್ದಾನೆ.

ಹೇಗೆ ಹಿಡಿಯುವುದು? ಯೆರೆಮೀಯ 18ರಲ್ಲಿ, ಕುಂಬಾರನ ಮನೆಯಲ್ಲಿ ದೇವರೇ ಇದನ್ನು ಬಿಡಿಸಿ ಹೇಳುತ್ತಾನೆ. ಒಂದು ಜನಾಂಗಕ್ಕೆ ಶಿಕ್ಷೆ ಹೇಳಿದ ಮೇಲೆ ಅವರು ಕೆಟ್ಟದ್ದನ್ನು ಬಿಟ್ಟರೆ ನಾನು ಶಿಕ್ಷೆಯನ್ನು ಬಿಡುತ್ತೇನೆ. ಒಳ್ಳೆಯದನ್ನು ಹೇಳಿದ ಮೇಲೆ ಅವರು ಕೆಟ್ಟರೆ ಆ ಒಳ್ಳೆಯದನ್ನು ತಡೆಯುತ್ತೇನೆ. ಇದು ಆತನು ಎಂದೂ ಬಿಡದ ಕ್ರಮ. ಮಗು ರಸ್ತೆಗೆ ಓಡಿದರೆ ತಾಯಿ ಗದರುತ್ತಾಳೆ, ತಿರುಗಿ ಬಂದರೆ ಅಪ್ಪಿಕೊಳ್ಳುತ್ತಾಳೆ, ಎರಡೂ ಒಂದೇ ಪ್ರೀತಿ.

ನಿನೆವೆ ಪಟ್ಟಣ ನಾಶವಾಗುತ್ತದೆ ಎಂದು ಪ್ರವಾದಿ ಯೋನ ಸಾರಿದ, ಜನ ಕೆಟ್ಟದ್ದನ್ನು ಬಿಟ್ಟು ತಿರುಗಿಕೊಂಡರು, ದೇವರು ಶಿಕ್ಷೆಯನ್ನು ಬಿಟ್ಟನು. ಈ ವಿಷಯ ಯೋನನಿಗೆ ನಮಗಿಂತ ಚೆನ್ನಾಗಿ ಅರ್ಥವಾಗಿತ್ತು. ಯೋನನ ಪುಸ್ತಕದ ನಾಲ್ಕನೇ ಅಧ್ಯಾಯದಲ್ಲಿ ಅವನು ಸಿಟ್ಟಿನಿಂದ ಹೇಳುತ್ತಾನೆ: ನೀನು ಕನಿಕರವುಳ್ಳವನು, ಬೇಗ ಕೋಪಿಸಿಕೊಳ್ಳದವನು ಅಂತ ನನಗೆ ಗೊತ್ತಿತ್ತು, ಅದಕ್ಕೇ ನಾನು ಓಡಿಹೋದದ್ದು. ಈ ಮಾತುಗಳು ವಿಮೋಚನಕಾಂಡ 34ರಲ್ಲಿ ದೇವರು ಮೋಶೆಗೆ ತನ್ನ ಬಗ್ಗೆ ಹೇಳಿಕೊಂಡವು, ಅದೂ ಜನರು ಚಿನ್ನದ ಕರು ಮಾಡಿ ಆತನಿಗೆ ದ್ರೋಹ ಬಗೆದ ಮೇಲೆ ಹೇಳಿದವು. ಶತಮಾನಗಳು ಕಳೆದಿದ್ದವು, ಊರು ಬೇರೆ, ಜನ ಬೇರೆ. ದೇವರ ಗುಣ ಅದೇ ಆಗಿತ್ತು. ಯೋನನ ಸಿಟ್ಟಿಗೆ ಅದೇ ಕಾರಣ.

ಎಲ್ಲಾ ಮೊದಲೇ ನಿಶ್ಚಯ ಆಗಿದ್ದರೆ ಪ್ರಾರ್ಥನೆ ಯಾಕೆ?

ಕೇಳುವವನು ಬದಲಾಗುವುದಿಲ್ಲ ಅನ್ನುವುದರಿಂದಲೇ ಪ್ರಾರ್ಥನೆ ಸಾಧ್ಯ. ಒಬ್ಬ ಅಧಿಕಾರಿಯ ಹತ್ತಿರ ಅರ್ಜಿ ಹಿಡಿದು ಹೋಗುವಾಗ ನಾವು ಏನು ನೋಡುತ್ತೇವೆ? ಇವತ್ತು ಸಾಹೇಬರ ಮೂಡ್ ಹೇಗಿದೆ, ಯಾರ ಕೈಲಿ ಹೇಳಿಸಬೇಕು, ಯಾವ ಹೊತ್ತಿಗೆ ಹೋಗಬೇಕು. ದೇವರ ಹತ್ತಿರ ಆ ಲೆಕ್ಕ ಬೇಡ. ಬೆಳಗಿನ ಜಾವ ಮೂರು ಗಂಟೆಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕರೆದರೂ ಆತನು ಆತನೇ. ಇನ್ನೊಂದು ಮಾತು. ಪ್ರಾರ್ಥನೆಯೂ ಆತನು ಇಟ್ಟ ದಾರಿಯೇ. ಕೊಡಬೇಕೆಂದಿರುವುದನ್ನು ಕೇಳಿಸಿಕೊಂಡು ಕೊಡುವುದು ಆತನಿಗೆ ಇಷ್ಟ.

ಬೋರ್ ಒಣಗಿದೆ, ಟೊಮೆಟೊಗೆ ರೇಟ್ ಇಲ್ಲ. ಈ ಮಾತು ಹಿಡಿದುಕೊಂಡು ನಾನೇನು ಮಾಡಲಿ?

ನೇರವಾಗಿ ಕೇಳಿದ್ದೀರಿ. ನೇರವಾಗಿಯೇ ಹೇಳುತ್ತೇನೆ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೆರೆ, ಬೋರ್‌ವೆಲ್ ನಂಬಿ ಬದುಕಿದವರು ನಾವು. ಪಾಯಿಂಟ್ ನೋಡಿಸಿ, ಸಾಲ ತಂದು, ಸಾವಿರ ಅಡಿ ದಾಟಿ ಕೊರೆಸಿದರೂ ಬರೀ ಧೂಳು ಎದ್ದದ್ದನ್ನು ನೋಡದವರು ಯಾರಿದ್ದಾರೆ? ರೇಟಿನ ಕಥೆಯೂ ಹಾಗೇ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ಇಡೀ ದೇಶವೇ ನಮ್ಮ ಮಂಡಿ ಕಡೆ ನೋಡಿತು. ಅದೇ ಮಂಡಿಯಲ್ಲಿ ಬಿಡಿಸಿದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋದ ವರ್ಷಗಳೂ ಇವೆ.

ಆಗ ಕೆಲವರು ಮೈಕ್ ಹಿಡಿದು, ನಂಬಿ ಕೊಡಿ, ದೇವರು ಹತ್ತರಷ್ಟು ಕೊಡುತ್ತಾನೆ ಅನ್ನುತ್ತಾರೆ. ದಯವಿಟ್ಟು ಆ ಮಾತಿಗೆ ಮರುಳಾಗಬೇಡಿ. ದೇವರು ಕೊಡದ ಮಾತನ್ನು ಆತನ ಬಾಯಿಗೆ ತುರುಕಿದರೆ, ಅದು ನಡೆಯದೆ ಹೋದಾಗ ಸುಳ್ಳುಗಾರ ಅನ್ನಿಸಿಕೊಳ್ಳುವುದು ಆತನು. ಆದಿಕಾಂಡ 8:22ರಲ್ಲಿ ಆತನು ಕೊಟ್ಟ ಮಾತು ಏನು? ಭೂಮಿ ಇರುವವರೆಗೂ ಬಿತ್ತನೆ ಸುಗ್ಗಿ, ಚಳಿ ಸೆಕೆ, ಹಗಲು ರಾತ್ರಿ ನಿಲ್ಲುವುದಿಲ್ಲ ಅಂತ. ನನ್ನ ಎರಡು ಎಕರೆಗೆ ಈ ಸಲ ಇಷ್ಟು ರೇಟು ಅಂತಲ್ಲ.

ಪ್ರವಾದಿ ಹಬಕ್ಕೂಕ ಬರೆದದ್ದನ್ನು, 3:17, ಓದಿ. ರೈತನ ಲೆಕ್ಕದ ಪುಸ್ತಕದ ಹಾಗಿದೆ. ಅಂಜೂರ ಚಿಗುರಲಿಲ್ಲ. ದ್ರಾಕ್ಷಿ ಬಳ್ಳಿಯಲ್ಲಿ ಹಣ್ಣಿಲ್ಲ. ಎಣ್ಣೆಮರ ಕೈಕೊಟ್ಟಿತು. ಹೊಲದಲ್ಲಿ ಬೆಳೆಯಿಲ್ಲ. ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ನಮ್ಮಲ್ಲಿ ಬೆಳೆ ಹೋದರೂ ಡೈರಿಗೆ ಹಾಲು ಹಾಕಿ ಮನೆ ನಡೆಸುತ್ತೇವೆ, ಅವನಿಗೆ ಅದೂ ಇಲ್ಲ. ಯಾವ ನಷ್ಟವನ್ನೂ ಅವನು ಮುಚ್ಚಿಡುವುದಿಲ್ಲ. ಎಲ್ಲವನ್ನೂ ಹೇಳಿದ ಮೇಲೆ, ಆದರೂ ನಾನು ಕರ್ತನಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ. ರೇಟ್ ಏರಿತು ಅಂತ ಪುಸ್ತಕ ಮುಗಿಯುವುದಿಲ್ಲ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬಂತು. 2021ರ ನವೆಂಬರಿನಲ್ಲಿ ಮಳೆ ಸುರಿದು ಕೆರೆಗಳು ಕೋಡಿ ಹೋದವು. ಕೆರೆ ಏರಿ ಮೇಲೆ ನಿಂತು ಜನ ದೇವರು ಒಳ್ಳೆಯವನು ಅಂದರು. ನಿಜ, ಒಳ್ಳೆಯವನೇ. ಅದೇ ಕೆರೆಯಲ್ಲಿ ನೆಲ ಬಿರಿದು ಜಾಲಿ ಬೆಳೆದಿದ್ದಾಗಲೂ ಅಷ್ಟೇ ಒಳ್ಳೆಯವನು.

ಸಾಲ ಆಗಿದ್ದರೆ ಒಬ್ಬರೇ ಹೊರಬೇಡಿ. ಸಭೆಯ ಹಿರಿಯರಿಗೆ ಹೇಳಿ, ಮನೆಯವರಿಗೆ ಮೊದಲು ಹೇಳಿ. ಬೆಳೆ ಹೋದದ್ದು ದೇವರ ಶಿಕ್ಷೆ ಅಂತ ಯಾರಾದರೂ ಅಂದರೆ ಅವರ ಮಾತು ಕೇಳಬೇಡಿ. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುತ್ತಾನೆ ಎಂದು ಯೇಸುವೇ ಹೇಳಿದ್ದಾನೆ (ಮತ್ತಾಯ 5:45).

ನಮ್ಮಪ್ಪ ಕೆಜಿಎಫ್ ಗಣಿಯಲ್ಲಿದ್ದವರು. ಗಣಿ ಮುಚ್ಚಿದ ಮೇಲೆ ಎಲ್ಲಾ ಹೋಯಿತು. ಯಾವುದು ಶಾಶ್ವತ?

ಗಣಿ ಮುಚ್ಚುತ್ತದೆ ಅಂದರೆ ನಂಬುವವರೇ ಇರಲಿಲ್ಲ ಅಂತ ಹಿರಿಯರು ಹೇಳುತ್ತಾರೆ. ನಂಬುವುದಾದರೂ ಹೇಗೆ? 1880ರಲ್ಲಿ ಜಾನ್ ಟೇಲರ್ ಕಂಪನಿ ಶುರು ಮಾಡಿದ ಕೆಲಸ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದು ಈ ಗಣಿಗೇ. ಇಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಕೊನೆಗೆ ಸರ್ಕಾರದ ಕಂಪನಿಯೂ ಆಗಿತ್ತು. ಸೈರನ್ ಕೂಗಿದರೆ ಊರು ಏಳುತ್ತಿತ್ತು, ಊಟಕ್ಕೆ ಕೂರುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಅದು ಮುಗಿಯಿತು. ಕೆಲಸ ಹುಡುಕಿಕೊಂಡು ಜನ ಕತ್ತಲಲ್ಲೇ ಎದ್ದು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗತೊಡಗಿದರು. ಉಳಿದದ್ದು ಕ್ವಾರ್ಟರ್ಸ್‌ನ ಗೋಡೆ, ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸೈನೈಡ್ ದಿಬ್ಬ.

ಇಬ್ರಿಯರಿಗೆ ಬರೆದ ಪತ್ರ ಇಂಥವರಿಗೇ ಬಂದದ್ದು. ಆ ಜನ ಆಸ್ತಿ ಕಳೆದುಕೊಂಡಿದ್ದರು (10:34). ಅವರಿಗೆ ಮೊದಲು ವಾಕ್ಯ ಹೇಳಿಕೊಟ್ಟ ನಾಯಕರು ತೀರಿಕೊಂಡಿದ್ದರು, ಅವರನ್ನು ನೆನೆಸಿಕೊಳ್ಳಿ ಎಂದು 13:7ರಲ್ಲಿದೆ. ಉಳಿಯುವ ಪಟ್ಟಣ ನಮಗೆ ಇಲ್ಲಿಲ್ಲ ಎಂದು 13:14ರಲ್ಲಿದೆ. ಈ ಎರಡರ ನಡುವೆ, ಎಂಟನೇ ವಚನದಲ್ಲಿ, ಯೇಸು ಕ್ರಿಸ್ತನು ನಿನ್ನೆ ಹೇಗೋ ಇವತ್ತೂ ಹಾಗೇ, ಯಾವಾಗಲೂ ಹಾಗೇ ಎಂದು ಬರುತ್ತದೆ. ಹೋದ ಹಿರಿಯರು ಒಂದು ಕಡೆ, ಇಲ್ಲದ ಊರು ಇನ್ನೊಂದು ಕಡೆ, ಮಧ್ಯದಲ್ಲಿ ಆತನು.

ಗಣಿ ಮುಚ್ಚಿದ್ದು ಒಳ್ಳೆಯದೇ ಆಯಿತು ಅಂತ ನಾನು ಹೇಳುವುದಿಲ್ಲ. ಬಾಕಿ ಹಣಕ್ಕೆ, ಮನೆಯ ಹಕ್ಕಿಗೆ ಹೋರಾಡುವವರಿಗೆ, ದೇವರಿದ್ದಾನೆ ಸುಮ್ಮನಿರಿ ಅನ್ನುವುದೂ ಇಲ್ಲ. ನೆರಳಿನಷ್ಟೂ ಬದಲಾಗದ ತಂದೆ ಎಂದು ಒಂದನೇ ಅಧ್ಯಾಯದಲ್ಲಿ ಬರೆದ ಯಾಕೋಬನೇ, ಐದನೇ ಅಧ್ಯಾಯದಲ್ಲಿ, ಕೊಡದೆ ಹಿಡಿದಿಟ್ಟ ಕೂಲಿ ದೇವರಿಗೆ ಕೂಗಿಕೊಳ್ಳುತ್ತದೆ ಎಂದು ಬರೆದ. ಆತನ ನ್ಯಾಯವೂ ಬದಲಾಗುವುದಿಲ್ಲ. ಕೂಲಿಯವರಿಗೆ ಇದೂ ದೊಡ್ಡ ಆದರಣೆ.

ದೇವರೇ ನನ್ನ ಪಾಲಿಗೆ ಬದಲಾದ ಅನ್ನಿಸುತ್ತಿದೆ. ಹೀಗನ್ನಿಸುವುದು ಪಾಪವಾ?

ಅಲ್ಲ. ಕೀರ್ತನೆ 77ರಲ್ಲಿ ಆಸಾಫನು ಇದನ್ನೇ ಕೇಳಿದ್ದಾನೆ. ಕೃಪೆ ಮುಗಿದೇಹೋಯಿತೇ? ಕರುಣೆ ತೋರುವುದನ್ನು ದೇವರು ಮರೆತನೇ? ಆ ಪ್ರಶ್ನೆಯನ್ನು ತೆಗೆದುಹಾಕದೆ ಸತ್ಯವೇದದಲ್ಲೇ ಉಳಿಸಿದ್ದಾರೆ. ಆಮೇಲೆ ಅವನು ಮಾಡಿದ್ದು ಒಂದೇ, ಹಿಂದಿನದನ್ನು ನೆನಪು ಮಾಡಿಕೊಂಡ, ಕೆಂಪು ಸಮುದ್ರದವರೆಗೂ ಹಿಂದೆ ಹೋದ. ಅನ್ನಿಸಿಕೆ ತಕ್ಷಣ ಹೋಯಿತು ಅಂತ ಅಲ್ಲಿ ಬರೆದಿಲ್ಲ. ನಿಮಗೂ ತಕ್ಷಣ ಹೋಗದಿರಬಹುದು. ನಿದ್ದೆ, ಊಟ ಎರಡೂ ಬಿಟ್ಟುಹೋಗಿ ವಾರಗಳಾಗಿದ್ದರೆ ಡಾಕ್ಟರ ಹತ್ತಿರವೂ ಹೋಗಿ. ಅದು ಅವಿಶ್ವಾಸವಲ್ಲ.

ಆತನ ಕೋಪವೂ ಬದಲಾಗುವುದಿಲ್ಲ ಅಂತಾಯಿತಲ್ಲ? ನನಗೆ ಭಯವಾಗುತ್ತದೆ.

ಪಾಪದ ವಿಷಯದಲ್ಲಿ ಆತನ ನಿಲುವು ಬದಲಾಗುವುದಿಲ್ಲ, ಇದು ನಿಜ. ಬದಲಾಗಲಿ ಅಂತ ಆಸೆಪಡಬೇಡಿ. ಬಡವನನ್ನು ತುಳಿಯುವುದು ಇವತ್ತು ತಪ್ಪು, ನಾಳೆ ಪರವಾಗಿಲ್ಲ ಅನ್ನುವ ದೇವರನ್ನು ನಂಬುವುದು ಹೇಗೆ? ಆದರೆ ತಿರುಗಿ ಬಂದವನನ್ನು ತಳ್ಳುವುದಿಲ್ಲ ಅನ್ನುವುದೂ ಅಷ್ಟೇ ಬದಲಾಗದ್ದು. ಇಬ್ರಿಯ 6ರಲ್ಲಿ, ದೇವರು ಅಬ್ರಹಾಮನಿಗೆ ಮಾತು ಕೊಟ್ಟದ್ದಲ್ಲದೆ ಆಣೆಯನ್ನೂ ಇಟ್ಟನು ಎಂದಿದೆ. ಆತನಿಗೆ ಆಣೆ ಬೇಕಿರಲಿಲ್ಲ. ಹೆದರಿದವರಿಗೆ ಧೈರ್ಯವಾಗಲಿ ಅಂತ ಇಟ್ಟ. ನೀವು ಒಪ್ಪಿಕೊಂಡು ಬಿಟ್ಟ ಪಾಪವನ್ನು ಆತನು ವರ್ಷಗಳಾದ ಮೇಲೆ ಕೆದಕಿ ತೆಗೆಯುವುದಿಲ್ಲ.

ದೇವರು ಮನುಷ್ಯನಾದದ್ದು ಬದಲಾವಣೆ ಅಲ್ವಾ?

ಇದನ್ನು ಕ್ರೈಸ್ತ ಸಭೆ ಬಹಳ ಹಿಂದೆಯೇ ಯೋಚಿಸಿದೆ. ಕ್ರಿ.ಶ. 451ರಲ್ಲಿ ಖಲ್ಕೆದೋನ್ ಪಟ್ಟಣದಲ್ಲಿ ಸೇರಿದ ಸಭಾಧ್ಯಕ್ಷರು, ಅಂದರೆ ಬಿಷಪ್‌ಗಳು, ಹೇಳಿದ್ದು: ಕ್ರಿಸ್ತನಲ್ಲಿ ದೇವತ್ವ, ಮನುಷ್ಯತ್ವ ಎರಡೂ ಇವೆ, ಬೆರೆತುಹೋಗದೆ, ಬದಲಾಗದೆ, ಬೇರ್ಪಡದೆ. ದೇವರಾಗಿರುವುದನ್ನು ಬಿಟ್ಟು ಆತನು ಮನುಷ್ಯನಾಗಲಿಲ್ಲ. ದೇವರಾಗಿದ್ದುಕೊಂಡೇ ನಮ್ಮ ಮಾಂಸ, ಹಸಿವು, ಕಣ್ಣೀರನ್ನು ತೆಗೆದುಕೊಂಡ.

ನಮ್ಮ ಸಭೆಯಲ್ಲಿ ಹಾಡು, ವಾದ್ಯ ಎಲ್ಲಾ ಬದಲಾಗಿದೆ. ಇದು ಸರಿಯಾ?

ಹಾಡು ಬದಲಾಗಬಹುದು. ಹಿಂದೆ ಹಾರ್ಮೋನಿಯಂ, ತಬಲ ಬಂದಾಗಲೂ ಮುಖ ಸಿಂಡರಿಸಿದವರು ಇದ್ದಿರಬೇಕು. ಹಳೆಯದೆಲ್ಲಾ ದೇವರದ್ದು, ಹೊಸದೆಲ್ಲಾ ಲೋಕದ್ದು ಅನ್ನುವುದು ಸರಿಯಲ್ಲ. ಆದರೆ ಯುವಕರಿಗೊಂದು ವಿನಂತಿ. ತಿಂಗಳಿಗೆ ಒಂದೆರಡು ಸಲವಾದರೂ ಹಳೆಯ ಕೀರ್ತನೆ ಹಾಡಿ. ಆ ಹಾಡುಗಳ ಬಲದಿಂದ ಬರಗಾಲ ದಾಟಿದವರು ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ.

ಅಮ್ಮನಿಗೆ ಮರೆವಿನ ಕಾಯಿಲೆ. ದೇವರನ್ನೇ ಮರೆತರೆ ಅವರ ವಿಶ್ವಾಸದ ಗತಿ ಏನು?

ನಮ್ಮ ಸಭೆಯ ಒಬ್ಬ ಹಿರಿಯಮ್ಮನನ್ನು ನೋಡಲು ಹೋಗುತ್ತಿರುತ್ತೇನೆ. ಮಂಚದ ಮೇಲೆ ಕೂತು ಸೆರಗಿನ ಅಂಚನ್ನು ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ. ಕಾಫಿ ತಂದುಕೊಟ್ಟ ಮಗನನ್ನು ನೋಡಿ, ನೀನು ಯಾರ ಮನೆ ಹುಡುಗನಪ್ಪಾ ಅನ್ನುತ್ತಾರೆ. ಅವನು ಪ್ರತಿ ಸಲವೂ, ನಿಮ್ಮ ಮನೆಯವನೇ ಅಮ್ಮಾ ಅನ್ನುತ್ತಾನೆ. 23ನೇ ಕೀರ್ತನೆ ಶುರು ಮಾಡಿದರೆ ಮುಂದಿನ ಸಾಲನ್ನು ಅವರೇ ಹೇಳುತ್ತಾರೆ. ಕತ್ತಲೆಯ ಕಣಿವೆಯ ಹತ್ತಿರ ತಡವರಿಸಿ ನಿಲ್ಲುತ್ತಾರೆ. ಜೊತೆಗೆ ಹೇಳಿದರೆ ಮತ್ತೆ ಸೇರಿಕೊಳ್ಳುತ್ತಾರೆ.

ಆದರೆ ಒಂದು ದಿನ ಆ ಸಾಲೂ ಹೋಗಬಹುದು. ಅವರ ನೆನಪಿನ ಮೇಲೆ ಅವರ ರಕ್ಷಣೆ ನಿಂತಿಲ್ಲ. ಹೆತ್ತ ತಾಯಿ ಮಗುವನ್ನು ಮರೆತರೂ ನಾನು ನಿನ್ನನ್ನು ಮರೆಯುವುದಿಲ್ಲ ಎಂದು ಯೆಶಾಯ 49ರಲ್ಲಿದೆ. ತಲೆ ನರೆಯುವವರೆಗೂ ಹೊರುತ್ತೇನೆ ಎಂದು 46ರಲ್ಲಿದೆ. ಹೊರುವವನು ಆತನು. ಅಮ್ಮ ಕೈ ಬಿಟ್ಟರೂ ಆತನ ಕೈ ಬಿಡುವುದಿಲ್ಲ. ನೀವು ಅವರ ಹತ್ತಿರ ಕೂತು ಓದುತ್ತಾ ಇರಿ. ಕೇಳಿಸುತ್ತದೋ ಇಲ್ಲವೋ ಅನ್ನುವ ಯೋಚನೆ ಬೇಡ.

ಸಾವಿನ ಮನೆಯಲ್ಲಿ ಈ ಮಾತು ಹೇಳಬಹುದಾ?

ಮೊದಲ ದಿನ ಹೇಳಬೇಡಿ. ನೀರು ತನ್ನಿ, ಚೇರು ಹಾಕಿ, ಊಟದ ವ್ಯವಸ್ಥೆ ನೋಡಿ, ಅಳುವವರ ಪಕ್ಕ ಕೂರಿ. ತನ್ನ ಸ್ನೇಹಿತ ಲಾಜರನ ಸಮಾಧಿಯ ಹತ್ತಿರ ಯೇಸುವೂ ಅತ್ತನು. ಸಮಾಧಿಯ ಆರಾಧನೆಯಲ್ಲಿ 90ನೇ ಕೀರ್ತನೆ ಓದಿದರೆ ಸಾಕು. ಅದು ಮೋಶೆಯ ಪ್ರಾರ್ಥನೆ. ತಲತಲಾಂತರಕ್ಕೂ ನೀನೇ ನಮಗೆ ಮನೆ ಎಂದು ಅವನು ಹೇಳಿದ್ದು ಸ್ವಂತ ಮನೆಯೇ ಇಲ್ಲದೆ ಅರಣ್ಯದಲ್ಲಿ ಜೀವ ಸವೆಸಿದವನಾಗಿ. ಬೋಧನೆ ಬೇಡ, ನಿಧಾನವಾಗಿ ಓದಿ.

ಎರಡು ಮೂರು ವಾರ ಬಿಟ್ಟು ಮತ್ತೆ ಹೋಗಿ. ಆಗ ನೆಂಟರೆಲ್ಲಾ ಹೋಗಿರುತ್ತಾರೆ, ಫೋನು ಬರುವುದೂ ಕಡಿಮೆಯಾಗಿರುತ್ತದೆ. ಬ್ಯಾಂಕಿನ ಕಾಗದ, ಪಿಂಚಣಿ ಅರ್ಜಿ ಏನಾದರೂ ಇದ್ದರೆ ಕೂತು ಬರೆದುಕೊಡಿ. ಹೊರಡುವ ಮೊದಲು ಇಬ್ರಿಯ 13ರ ಐದರಿಂದ ಎಂಟನೇ ವಚನದವರೆಗೆ ಓದಿ ಪ್ರಾರ್ಥನೆ ಮಾಡಿ. ಮುಂದಿನ ಸಲ ಯಾವತ್ತು ಬರುತ್ತೀರಿ ಅನ್ನುವುದನ್ನೂ ಹೇಳಿಯೇ ಬನ್ನಿ, ಹೇಳಿದ ದಿನಕ್ಕೆ ಹೋಗಿ.